ಮಳೆರಜೆಯ ದಿನ ಶಾಲೆಯ ಯಾವ ಕೆಲಸ ನಿಲ್ಲಬಾರದು? ಕಾರ್ಯನಿರಂತರತಾ ಯೋಜನೆಯ ಪರಿಚಯ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ನಾವು ಪಾಠಯೋಜನೆ, ಘಟಕಯೋಜನೆ, ವಾರ್ಷಿಕ ಯೋಜನೆ ಬರೆಯುವುದನ್ನು ಕಲಿಸುತ್ತೇವೆ. ಈ ಮೂರೂ ಶಾಲೆ ಎಂದಿನಂತೆ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ನಂಬಿಕೆ ಆಗಾಗ ತಪ್ಪುತ್ತದೆ. ಹಳ್ಳ ತುಂಬುತ್ತದೆ, ಮರ ಬಿದ್ದು ವಿದ್ಯುತ್ ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಟವರ್ ಸುಮ್ಮನಾಗುತ್ತದೆ, ರಜೆಯ ಆದೇಶ ಬರುತ್ತದೆ. ಅಂಥ ದಿನ ಶಾಲೆ ಎಂಬ ಸರ್ಕಾರಿ ಸಂಸ್ಥೆ ಏನು ಮಾಡಬೇಕು ಎಂಬುದನ್ನು ನಮ್ಮ ಯಾವ ನಮೂನೆಯೂ ಕೇಳುವುದಿಲ್ಲ. ಈ ಲೇಖನ ಆ ಪ್ರಶ್ನೆಯನ್ನು ಕುರಿತದ್ದು. ಬೋಧನಾಭ್ಯಾಸದ ಮಾರ್ಗದರ್ಶಕನಾಗಿ ಶಾಲೆಗಳಲ್ಲಿ ಕಂಡದ್ದು, ತರಗತಿಯಲ್ಲಿ ಮಾಡಿಸಿ ನೋಡಿದ್ದು ಎರಡನ್ನೂ ಇಲ್ಲಿ ಸೇರಿಸಿದ್ದೇನೆ.

ಏನಿದು ಕಾರ್ಯನಿರಂತರತಾ ಯೋಜನೆ?

ತುರ್ತು ಸಂದರ್ಭದಲ್ಲಿ ಒಂದು ಕಚೇರಿಯ ಯಾವ ಕೆಲಸ ನಿಲ್ಲಬಾರದು, ಅದನ್ನು ಯಾರು ಮಾಡಬೇಕು, ಅವರು ಸಿಗದಿದ್ದರೆ ಇನ್ನಾರು, ಎಲ್ಲಿ ಕುಳಿತು, ಯಾವ ದಾಖಲೆ ಇಟ್ಟುಕೊಂಡು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡುವುದೇ ಕಾರ್ಯನಿರಂತರತಾ ಯೋಜನೆ. ಅಮೆರಿಕದಲ್ಲಿ ಇದು ಶೀತಲ ಸಮರದ ಕಾಲದಲ್ಲಿ, ಅಣುಬಾಂಬಿನ ಭಯದಿಂದ ಬೆಳೆಯಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ಅಲ್ಲಿನ ಎಲ್ಲ ಕೇಂದ್ರ ಇಲಾಖೆಗಳಿಗೂ ಬಿಗಿಯಾಯಿತು. ಅಲ್ಲಿನ ಪಟ್ಟಿ ದೊಡ್ಡದು. ಶಾಲೆಯ ಮಟ್ಟಕ್ಕೆ ಇಳಿಸಿದರೆ ಆರು ಅಂಶ ಸಾಕು: ಅಗತ್ಯ ಕೆಲಸ, ಬದಲಿ ವ್ಯಕ್ತಿ, ಬದಲಿ ಜಾಗ, ಸಂಪರ್ಕ, ದಾಖಲೆ, ಮರಳಿ ಆರಂಭ.

ಇದನ್ನು ಶಾಲಾ ಸುರಕ್ಷತಾ ಯೋಜನೆಯೊಡನೆ ಬೆರೆಸಬಾರದು. ಮಕ್ಕಳನ್ನು ಕಟ್ಟಡದಿಂದ ಹೊರಗೆ ಕರೆದೊಯ್ಯುವುದು, ಪ್ರಥಮ ಚಿಕಿತ್ಸೆ, ಶಿಥಿಲ ಗೋಡೆಯ ತಪಾಸಣೆ ಇವೆಲ್ಲ ಸುರಕ್ಷತೆಗೆ ಸೇರಿದವು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸತ್ತ ನಂತರ ದೇಶದ ಗಮನ ಆ ಕಡೆ ಹರಿಯಿತು. ಜೀವ ಉಳಿಸುವುದು ಮೊದಲ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಜೀವ ಉಳಿದ ಮೇಲೆ ಮುಂದಿನ ದಿನ, ಮುಂದಿನ ವಾರ ಶಾಲೆ ಮಗುವಿಗೆ ಏನಾಗಿರಬೇಕು ಎಂಬುದು ಕಾರ್ಯನಿರಂತರತೆಯ ಪ್ರಶ್ನೆ.

2021ರ ಜುಲೈ ಕಲಿಸುವ ಪಾಠ

ನಮ್ಮ ಭಾಗದಲ್ಲಿ ಇದನ್ನು ವಿವರಿಸಲು 2021ರ ಜುಲೈಗಿಂತ ಹತ್ತಿರದ ಉದಾಹರಣೆ ಇಲ್ಲ. ಕೋವಿಡ್ ಎರಡನೇ ಅಲೆಯಿಂದ ಶಾಲೆಗಳು ಮುಚ್ಚಿದ್ದವು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ರದ್ದು ಮಾಡದೆ, ಆರು ವಿಷಯಗಳನ್ನು ಎರಡು ದಿನಕ್ಕೆ ಇಳಿಸಿ, ಬಹು ಆಯ್ಕೆಯ ಪ್ರಶ್ನೆಗಳ ರೂಪದಲ್ಲಿ ಜುಲೈ 19 ಮತ್ತು 22ರಂದು ನಡೆಸಲಾಯಿತು. ಅದೇ 22 ಮತ್ತು 23ರ ಭಾರೀ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ಗಂಗಾವಳಿಗೆ ಕಟ್ಟಿದ್ದ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು. ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿದು ಯಲ್ಲಾಪುರ–ಅಂಕೋಲಾ ಸಂಚಾರ ನಿಂತಿತು.

ಪರೀಕ್ಷೆಯ ವಿಷಯದಲ್ಲಿ ಇಲಾಖೆ ಮಾಡಿದ್ದು ಶುದ್ಧ ಕಾರ್ಯನಿರಂತರತೆಯ ನಿರ್ಧಾರ. ಹತ್ತನೇ ತರಗತಿಯ ಮೌಲ್ಯಮಾಪನ ನಿಲ್ಲಬಾರದು ಎಂದು ಮೊದಲು ತೀರ್ಮಾನಿಸಿ, ಅದರ ರೂಪವನ್ನು ಬದಲಿಸಿತು. ಹಿಂದಿನ ವರ್ಷ, 2020ರ ಜೂನ್ ಕೊನೆಯಲ್ಲಿ, ಲಾಕ್‌ಡೌನ್‌ನಿಂದ ಬೇರೆ ಊರಿನಲ್ಲಿ ಉಳಿದಿದ್ದ ಮಕ್ಕಳಿಗೆ ಹತ್ತಿರದ ಕೇಂದ್ರದಲ್ಲೇ ಪರೀಕ್ಷೆ ಬರೆಯಲು ಅವಕಾಶ ಕೊಟ್ಟದ್ದೂ ಇದೇ ಬಗೆಯದು. ರಾಜ್ಯ ಮಟ್ಟದಲ್ಲಿ ಇಷ್ಟು ಯೋಚನೆ ನಡೆಯಿತು. ಆದರೆ ಸೇತುವೆಯ ಆಚೆ ಉಳಿದ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಬೆಂಗಳೂರಿನಲ್ಲಿ ಕುಳಿತು ಯೋಜನೆ ಬರೆಯಲಾಗದು. ಆ ಹಳ್ಳ, ಆ ಸಂಕ, ಆ ಕೇರಿ ಗೊತ್ತಿರುವವರೇ ಬರೆಯಬೇಕು.

ಯಾವ ಕೆಲಸ ನಿಲ್ಲಬಾರದು?

ಯೋಜನೆಯ ಹೃದಯ ಇದು. ಪ್ರಶಿಕ್ಷಣಾರ್ಥಿಗಳನ್ನು ಕೇಳಿದರೆ ಮೊದಲು ಪಾಠ, ಪ್ರಾರ್ಥನೆ, ಪ್ರತಿಭಾ ಕಾರಂಜಿ ಎಲ್ಲವನ್ನೂ ಪಟ್ಟಿ ಮಾಡುತ್ತಾರೆ. ಎಲ್ಲವೂ ಅಗತ್ಯವೆಂದರೆ ಯಾವುದಕ್ಕೂ ಜನ ಸಾಲದು. ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಹಾಕಿ: ಇದು ಒಂದು ದಿನ ನಿಂತರೆ ಮಗುವಿಗೆ ಏನಾಗುತ್ತದೆ? ಒಂದು ವಾರ ನಿಂತರೆ? ಒಂದು ತಿಂಗಳು ನಿಂತರೆ?

ಒಂದು ಗಂಟೆಯೂ ನಿಲ್ಲಬಾರದ್ದು ಮಾಹಿತಿ. ರಜೆಯ ಸುದ್ದಿ ತಲುಪದೆ ಒಂದು ಮಗು ಬೆಳಿಗ್ಗೆ ಕೊಡೆ ಹಿಡಿದು ಅಡಿಕೆ ಮರದ ಕಾಲುಸಂಕ ದಾಟಲು ಹೊರಟರೆ, ಶಾಲೆಯ ಬೀಗ ಹಾಕಿದ್ದರಿಂದ ಆ ಮಗುವಿಗೆ ಯಾವ ರಕ್ಷಣೆಯೂ ಸಿಗಲಿಲ್ಲ. ಮಧ್ಯಾಹ್ನ ಮಳೆ ಜೋರಾದಾಗ ಮಕ್ಕಳನ್ನು ಯಾರ ಕೈಗೆ ಒಪ್ಪಿಸಿ ಕಳಿಸಬೇಕು ಎಂಬುದೂ ಇದಕ್ಕೇ ಸೇರುತ್ತದೆ.

ಕೆಲವು ದಿನಕ್ಕಿಂತ ಹೆಚ್ಚು ನಿಲ್ಲಬಾರದ್ದು ಊಟ. ತೋಟದ ಕೆಲಸ ನಿಂತ ಕೂಲಿ ಮನೆಗಳಲ್ಲಿ ಬಿಸಿಯೂಟವೇ ದಿನದ ಮುಖ್ಯ ಊಟವಾಗಿರಬಹುದು. ಕೋವಿಡ್ ಕಾಲದಲ್ಲಿ ಬಿಸಿಯೂಟದ ಬದಲು ಅಕ್ಕಿ, ಬೇಳೆಯನ್ನು ಮಕ್ಕಳಿಗೆ ಹಂಚಲಾಯಿತು. ದಾರಿ ಮುಚ್ಚಿದ ಊರಿನಲ್ಲಿ ದಾಸ್ತಾನು ಎಷ್ಟು ದಿನಕ್ಕಿದೆ, ಗ್ಯಾಸ್ ಸಿಲಿಂಡರ್ ಎಷ್ಟಿದೆ ಎಂಬುದು ಜೂನ್ ಮೊದಲ ವಾರವೇ ಗೊತ್ತಿರಬೇಕು.

ಒಂದೆರಡು ವಾರಕ್ಕಿಂತ ಹೆಚ್ಚು ನಿಲ್ಲಬಾರದ್ದು ಕಲಿಕೆ ಮತ್ತು ಪ್ರಮಾಣಪತ್ರ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200, 6ರಿಂದ 8ಕ್ಕೆ 220 ಕೆಲಸದ ದಿನಗಳು ಬೇಕು. ಮಳೆರಜೆಯನ್ನು ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಸರಿದೂಗಿಸಿದರೆ ದಿನದ ಲೆಕ್ಕ ಕೂಡುತ್ತದೆ. ಓದಲು ಈಗಷ್ಟೇ ಕಲಿಯುತ್ತಿರುವ ಒಂದನೇ ತರಗತಿಯ ಮಗುವಿಗೆ ಮಧ್ಯದ ಬಿಡುವಿನ ನಷ್ಟ ಆ ಲೆಕ್ಕದಲ್ಲಿ ಕಾಣುವುದಿಲ್ಲ. ಇನ್ನು ಪ್ರಮಾಣಪತ್ರ: ಮನೆ ಕಳೆದುಕೊಂಡ ಕುಟುಂಬ ನೆಂಟರ ಊರಿಗೆ ಹೋದರೆ ಮಗುವಿಗೆ ವರ್ಗಾವಣೆ ಪತ್ರ ಬೇಕು. ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಪ್ರತಿ ಪ್ರಶಿಕ್ಷಣಾರ್ಥಿಗೂ ಇದು ಬಾಯಿಪಾಠವಾಗಿರಲಿ.

ಯಾರ ಬದಲು ಯಾರು?

ಘಟ್ಟದ ಶಾಲೆಗಳಲ್ಲಿ ಒಬ್ಬರು, ಇಬ್ಬರು ಶಿಕ್ಷಕರಿರುವುದು ಹೊಸದಲ್ಲ. ಅವರಲ್ಲೂ ಅನೇಕರು ಪೇಟೆಯಿಂದ ಬೈಕಿನಲ್ಲೋ ಬಸ್ಸಿನಲ್ಲೋ ಬರುವವರು. ಮುಖ್ಯಶಿಕ್ಷಕರು ಹಳ್ಳದ ಈಚೆ ಸಿಕ್ಕಿಬಿದ್ದರೆ ಆಚೆ ಶಾಲೆಯ ಅಧಿಕಾರ ಯಾರದು? ಇಲ್ಲಿ ಎರಡು ವಿಷಯ ಬೇರೆ ಮಾಡಬೇಕು. ಉತ್ತರಾಧಿಕಾರವೆಂದರೆ ಒಬ್ಬರ ಸ್ಥಾನಕ್ಕೆ ಇನ್ನೊಬ್ಬರು ಬರುವ ಕ್ರಮ. ಅಧಿಕಾರ ವಹಿಸುವಿಕೆ ಎಂದರೆ ಆ ಇನ್ನೊಬ್ಬರು ಏನೇನು ಮಾಡಬಹುದು ಎಂಬ ಮಿತಿ. ಹಿರಿಯ ಸಹಶಿಕ್ಷಕಿ ಶಾಲೆ ತೆರೆಯಬಹುದು, ಊಟ ಹಂಚಬಹುದು, ಮಕ್ಕಳನ್ನು ಮನೆಗೆ ಕಳಿಸಬಹುದು. ಬ್ಯಾಂಕ್ ಖಾತೆಯಿಂದ ಹಣ ತೆಗೆಯಲಾರರು. ಇದನ್ನು ಮೊದಲೇ ಬರೆದಿಟ್ಟರೆ ಆ ದಿನ ಹೆದರಿಕೆಯೂ ಇಲ್ಲ, ಅತಿರೇಕವೂ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮನ್ನೂ ಇಲ್ಲಿ ನೆನೆಯಬೇಕು. ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದೆಂದು ಹೇಳುವ ಆ ಕಲಂ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಈ ಮೂರಕ್ಕೆ ವಿನಾಯಿತಿ ಕೊಡುತ್ತದೆ. ಅಂದರೆ ಶಾಲೆಗೆ ಶಿಕ್ಷಕರು ಅತ್ಯಂತ ಬೇಕಾದ ದಿನವೇ ಅವರನ್ನು ಕಾಳಜಿ ಕೇಂದ್ರದ ಕೆಲಸಕ್ಕೆ ಕರೆಯಬಹುದು. ಇಬ್ಬರು ಶಿಕ್ಷಕರ ಶಾಲೆಯ ಯೋಜನೆಯಲ್ಲಿ ‘ಒಬ್ಬರೇ ಉಳಿದರೆ’ ಎಂಬ ಸಾಲು ಇರಲೇಬೇಕು.

ಆ ಉಳಿದವರು ಪ್ರಶಿಕ್ಷಣಾರ್ಥಿಯೇ ಆದರೆ? ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಅನುಭವ ಒಟ್ಟು 20 ವಾರ. ಅದರಲ್ಲಿ ಮಳೆಗಾಲ ಸೇರಿದರೆ ಇಂಥ ದಿನ ಬಂದೇ ಬರುತ್ತದೆ. ಪ್ರಶಿಕ್ಷಣಾರ್ಥಿ ಶಾಲೆಯ ನೌಕರರಲ್ಲ. ಅವರೊಬ್ಬರ ಮೇಲೆ ಶಾಲೆ ಬಿಡಬಾರದು ಎಂಬುದನ್ನು ಮಹಾವಿದ್ಯಾಲಯ ಮತ್ತು ಶಾಲೆ ಮೊದಲ ದಿನವೇ ಮಾತಾಡಿಕೊಂಡು ಯೋಜನೆಯಲ್ಲಿ ಬರೆಯಬೇಕು.

ಎಲ್ಲಿ ಮತ್ತು ಹೇಗೆ?

ಶಾಲಾ ಕಟ್ಟಡವೇ ಕಾಳಜಿ ಕೇಂದ್ರವಾದರೆ ತರಗತಿಗೆ ಜಾಗ ಬೇಕು. ಸಮುದಾಯ ಭವನ, ದೇವಸ್ಥಾನದ ಚಂದ್ರಶಾಲೆ, ಯಾರದೋ ಮನೆಯ ಜಗಲಿ, ಏನಿದೆಯೋ ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಒಪ್ಪಿಗೆ ಪಡೆದು ಬರೆದಿಡಬೇಕು. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಇದೇ ದಾರಿ ಹಿಡಿಯಿತು. ಶಿಕ್ಷಕರು ಮಕ್ಕಳಿದ್ದಲ್ಲಿಗೆ ಹೋದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಬದಲಿ ಜಾಗ ಆಯಾ ಆಪತ್ತಿಗೆ ಹೊಂದಬೇಕು ಎಂಬುದು ಅಲ್ಲಿಯ ಪಾಠ. ನೆರೆಗೆ ಸರಿಯಾದ ಜಗಲಿ ಸಾಂಕ್ರಾಮಿಕಕ್ಕೆ ಸರಿಯಾಗದು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಉಣ್ಣೆಯ ಭಯವಿದ್ದ ಕಾಡಂಚು ಮಕ್ಕಳನ್ನು ಸೇರಿಸುವ ಜಾಗವಾಗಿರಲಿಲ್ಲ.

ಸಂಪರ್ಕಕ್ಕೆ ವಾಟ್ಸಾಪ್ ಗುಂಪು ಇದೆಯಲ್ಲ ಎನ್ನುತ್ತಾರೆ. ಟವರ್ ನಿಂತ ದಿನ? ಒಂದು ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು ಅಲ್ಲಿನ ಶಿಕ್ಷಕಿಗೆ ಹೇಳಿದ ಮಾತು ನನ್ನ ಟಿಪ್ಪಣಿಯಲ್ಲಿದೆ: “ಅಕ್ಕೋರೆ, ಮನೆಮನೆಗೆ ಫೋನ್ ಹಚ್ಚೂದು ಬ್ಯಾಡ. ಹಾಲಿನ ಡೇರಿಗೆ ಒಂದು ಮಾತು ಹೇಳಿ. ಬೆಳಿಗ್ಗೆ ಏಳಕ್ಕೆ ಎಲ್ಲಾ ಕೇರಿಯವ್ರೂ ಅಲ್ಲೇ ಬರ್ತಾರೆ.” ಹಾಲು ಹಾಕಲು ಬರುವವರು ಹೊತ್ತೊಯ್ಯುವ ಸುದ್ದಿಗೆ ಚಾರ್ಜ್ ಬೇಡ. ಪ್ರತಿ ಊರಿನಲ್ಲೂ ಇಂಥದ್ದೊಂದು ಜಾಗ ಇರುತ್ತದೆ, ಹುಡುಕಿ ಬರೆಯಬೇಕು. ಜಿಲ್ಲಾ ತುರ್ತು ಕೇಂದ್ರದ 1077 ಸಂಖ್ಯೆ ಗೋಡೆಯ ಮೇಲೂ ಇರಲಿ.

ದಾಖಲೆಗಳಲ್ಲಿ ಎಲ್ಲವನ್ನೂ ಕಾಪಾಡಲಾಗದು. ದಾಖಲಾತಿ ವಹಿ, ಹಾಜರಿ, ದಾಸ್ತಾನು ವಹಿ, ಪಾಲಕರ ದೂರವಾಣಿ ಪಟ್ಟಿ ಇವು ಮೊದಲು. ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವಿನ ವಿವರ ಇದೆ, ಸರಿ. ವಿದ್ಯುತ್ ಇಲ್ಲದ ದಿನ ಯಾವ ಮಗು ಯಾವ ಹಳ್ಳ ದಾಟಿ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಕೈಬರಹದ ಒಂದು ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ, ಬೀರುವಿನ ಕೆಳಗಿನ ಅರೆಯಲ್ಲಿ ಅಲ್ಲ, ಮೇಲಿನ ಅರೆಯಲ್ಲಿ ಇಡಬೇಕು. ಇನ್ನೊಂದು ಪ್ರತಿ ಸಿಆರ್‌ಪಿ ಅವರ ಬಳಿ ಇರಲಿ.

ತರಗತಿಯಲ್ಲಿ ಮಾಡಿಸಿದ ಅಭ್ಯಾಸ

ಇದನ್ನು ಉಪನ್ಯಾಸವಾಗಿ ಹೇಳಿದರೆ ಟಿಪ್ಪಣಿ ಪುಸ್ತಕದಲ್ಲೇ ಉಳಿಯುತ್ತದೆ. ನಾನು ಮಾಡಿಸುವುದು ಹೀಗೆ. ಐದೈದು ಜನರ ಗುಂಪು. ಪ್ರತಿ ಗುಂಪಿಗೆ ಒಂದು ಕಾಲ್ಪನಿಕ ಶಾಲೆ: 23 ಮಕ್ಕಳು, ಇಬ್ಬರು ಶಿಕ್ಷಕರು, ಮೂರು ಮಜರೆ, ಮಧ್ಯೆ ಒಂದು ಹಳ್ಳ. ಹತ್ತು ನಿಮಿಷಕ್ಕೊಮ್ಮೆ ಒಂದು ಚೀಟಿ ಕೊಡುತ್ತೇನೆ. ಮೊದಲನೆಯದು: ‘ಬೆಳಿಗ್ಗೆ 7.30. ತಾಲ್ಲೂಕಿಗೆ ರಜೆ ಘೋಷಣೆ. ಮುಖ್ಯಶಿಕ್ಷಕರ ಫೋನ್ ಸಿಗುತ್ತಿಲ್ಲ.’ ಎರಡನೆಯದು: ‘8.45. ನಾಲ್ಕು ಮಕ್ಕಳು ಶಾಲೆಯ ಜಗಲಿಯಲ್ಲಿದ್ದಾರೆ.’ ಮೂರನೆಯದು: ‘11 ಗಂಟೆ. ಆರು ಕುಟುಂಬಗಳಿಗೆ ಶಾಲೆಯ ಕೊಠಡಿ ಬೇಕು.’ ನಾಲ್ಕನೆಯದು: ‘ಹತ್ತನೇ ದಿನ. ದಾರಿ ಇನ್ನೂ ಮುಚ್ಚಿದೆ.’

ಮೊದಲ ಎರಡು ಚೀಟಿಗೆ ಉತ್ತರ ಬೇಗ ಬರುತ್ತದೆ. ಗುಂಪುಗಳು ನಿಲ್ಲುವುದು ಎರಡು ಕಡೆ: ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದಾಗ, ಹತ್ತನೇ ದಿನ ಯಾವ ಪಾಠ ಎಂದು ಕೇಳಿದಾಗ. ಎರಡನೆಯದಕ್ಕಾಗಿ ಪ್ರತಿಯೊಬ್ಬರೂ ತಮ್ಮ ವಿಷಯದಲ್ಲಿ ‘ಮಳೆಚೀಲ’ ಸಿದ್ಧಪಡಿಸುತ್ತಾರೆ: ಇಂಟರ್ನೆಟ್ ಬೇಡದ, ಮನೆಯಲ್ಲಿ ಅಜ್ಜಿಯೋ ಅಣ್ಣನೋ ಜೊತೆ ಕುಳಿತು ಮಾಡಿಸಬಹುದಾದ ಐದು ದಿನದ ಚಟುವಟಿಕೆ. ಬಾಟಲಿಯಲ್ಲಿ ಮಳೆ ಅಳೆದು ಸ್ತಂಭಾಲೇಖ ಬರೆಯುವುದು, ಮನೆಯ ಅಡಿಕೆ ಲೆಕ್ಕ, ಹಿರಿಯರಿಂದ ಕೇಳಿ ಬರೆದ ಒಂದು ಕಥೆ. ಇದನ್ನು ಪಾಠಯೋಜನೆಯಷ್ಟೇ ಗಂಭೀರವಾಗಿ ಮೌಲ್ಯಮಾಪನ ಮಾಡುತ್ತೇನೆ.

ಮರಳಿ ಆರಂಭ

ದಾರಿ ತೆರೆದ ದಿನ ನಿಲ್ಲಿಸಿದ್ದ ಪುಟದಿಂದ ಪಾಠ ಮುಂದುವರಿಸುವುದು ಸುಲಭದ ತಪ್ಪು. ಕೋವಿಡ್ ನಂತರ 2022–23ರಲ್ಲಿ ರಾಜ್ಯವು ಕಲಿಕಾ ಚೇತರಿಕೆ ಕಾರ್ಯಕ್ರಮ ತಂದದ್ದು ಇದಕ್ಕೇ. ಮಗು ಈಗ ಎಲ್ಲಿದೆ ಎಂದು ನೋಡಿ ಅಲ್ಲಿಂದ ಹೊರಡಬೇಕು. ಶಾಲೆಯ ಮಟ್ಟದಲ್ಲಿ ಇದಕ್ಕೆ ಬೇಕಾದದ್ದು ಮೂರು ಹೆಜ್ಜೆ: ಬಾರದ ಮಕ್ಕಳ ಮನೆಗೆ ಭೇಟಿ, ಒಂದು ಸಣ್ಣ ಮೌಖಿಕ ಪರೀಕ್ಷೆ, ಮೊದಲ ವಾರದ ವೇಳಾಪಟ್ಟಿಯಲ್ಲಿ ಓದು–ಲೆಕ್ಕಕ್ಕೆ ಹೆಚ್ಚು ಅವಧಿ. ಜೊತೆಗೆ, ಯೋಜನೆಯಲ್ಲಿ ಯಾವ ಸಾಲು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಎಂದು ಬರೆದು ತಿದ್ದುವುದು.

ಇಷ್ಟೆಲ್ಲ ಸೇರಿದರೂ ಎರಡು ಪುಟ ಮೀರಬಾರದು. ಮೀರಿದರೆ ಆ ದಿನ ಯಾರೂ ಓದುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಯೂ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುತ್ತದೆ. ಈ ಎರಡು ಪುಟವನ್ನು ಅದಕ್ಕೆ ಜೋಡಿಸಬಹುದು. ಮುಂದಿನ ಸಾಲಿನ ಬೋಧನಾಭ್ಯಾಸ ಕಡತದಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ತಾವು ಹೋಗುವ ಶಾಲೆಯ ಮುಖ್ಯಶಿಕ್ಷಕರು, ಅಡುಗೆಯವರು, ಎಸ್‌ಡಿಎಂಸಿ ಸದಸ್ಯರೊಡನೆ ಕುಳಿತು ಈ ಎರಡು ಪುಟ ತಯಾರಿಸಿ, ಒಂದು ಪ್ರತಿಯನ್ನು ಶಾಲೆಗೇ ಬಿಟ್ಟು ಬರಬೇಕೆಂದು ಸಹೋದ್ಯೋಗಿಗಳಲ್ಲಿ ನನ್ನ ಸೂಚನೆ. ಕೆಲಸ ಜೂನ್ ಮೊದಲ ವಾರದೊಳಗೆ ಮುಗಿಯಲಿ.