ದ್ವೀಪ ರಾಷ್ಟ್ರಗಳ ವಿಪತ್ತು ವಿಮೆ: ಹದಿನಾಲ್ಕು ದಿನಗಳಲ್ಲಿ ಹಣ

ಜಾಯಿಕಾಯಿ, ಜಾಪತ್ರೆಗಳ ವ್ಯಾಪಾರದಲ್ಲಿರುವ ವರ್ತಕರಿಗೆ ಗ್ರೆನೆಡಾ ಅಪರಿಚಿತ ಹೆಸರಲ್ಲ. ಕೆರಿಬಿಯನ್ ಸಮುದ್ರದ ಈ ದ್ವೀಪ ರಾಷ್ಟ್ರದ ವಿಸ್ತೀರ್ಣ ಸುಮಾರು 344 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಅರ್ಧದಷ್ಟೂ ಇಲ್ಲ. ಆದರೂ ಜಾಯಿಕಾಯಿ ಉತ್ಪಾದನೆಯಲ್ಲಿ ಇಂಡೋನೇಷ್ಯಾದ ನಂತರದ ಸ್ಥಾನ ಅದರದಾಗಿತ್ತು. ರಾಷ್ಟ್ರಧ್ವಜದಲ್ಲಿಯೂ ಅದರದೇ ಚಿತ್ರ. 2004ರ ಸೆಪ್ಟೆಂಬರ್ 7ರಂದು ‘ಐವನ್’ ಚಂಡಮಾರುತ ಈ ದ್ವೀಪದ ಮೇಲೆ ಬೀಸಿತು. ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳು ಹಾನಿಗೊಳಗಾದವು. ನಷ್ಟವು ದೇಶದ ವಾರ್ಷಿಕ ಆಂತರಿಕ ಉತ್ಪನ್ನದ ಸುಮಾರು ಎರಡು ಪಟ್ಟು ಎಂದು ಅಂದಾಜಿಸಲಾಯಿತು. ಜಾಯಿಕಾಯಿ ತೋಟಗಳು ಬಹುಪಾಲು ನೆಲಕಚ್ಚಿದವು. ಹೊಸ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಮರುವರ್ಷದ ಜುಲೈನಲ್ಲಿ ‘ಎಮಿಲಿ’ ಎಂಬ ಇನ್ನೊಂದು ಚಂಡಮಾರುತವೂ ಬಂದಿತು.

ದೊಡ್ಡ ದೇಶದಲ್ಲಿ ಒಂದು ಜಿಲ್ಲೆ ನೆರೆಗೆ ಸಿಲುಕಿದರೆ ಉಳಿದ ಜಿಲ್ಲೆಗಳ ತೆರಿಗೆ, ಉಳಿದ ಗ್ರಾಹಕರ ವಿಮಾ ಕಂತು ಅದನ್ನು ಭರಿಸುತ್ತವೆ. ದ್ವೀಪದಲ್ಲಿ ‘ಉಳಿದ ಜಿಲ್ಲೆ’ ಎಂಬುದೇ ಇರುವುದಿಲ್ಲ. ಬಂದರು, ಹೋಟೆಲು, ತೋಟ, ಬ್ಯಾಂಕು, ಸುಂಕದ ಕಚೇರಿ ಎಲ್ಲವೂ ಒಂದೇ ರಾತ್ರಿಯಲ್ಲಿ ಪೆಟ್ಟು ತಿನ್ನುತ್ತವೆ. ಸರ್ಕಾರದ ವರಮಾನ ನಿಲ್ಲುವ ದಿನವೇ ಅದರ ವೆಚ್ಚ ಏರುತ್ತದೆ. ವಿದೇಶಿ ನೆರವು ಬರಲು ತಿಂಗಳುಗಳೇ ಬೇಕಾಗುವುದರಿಂದ ಮೊದಲ ಕೆಲವು ವಾರಗಳ ಕೈಹಣವೇ ನಿಜವಾದ ಸಮಸ್ಯೆ.

ಇದಕ್ಕಾಗಿಯೇ 2007ರಲ್ಲಿ ಕೆರಿಬಿಯನ್‌ನ 16 ಸರ್ಕಾರಗಳು ವಿಶ್ವಬ್ಯಾಂಕಿನ ಸಹಾಯದೊಂದಿಗೆ ಒಂದು ಜಂಟಿ ವಿಮಾ ನಿಧಿಯನ್ನು ಸ್ಥಾಪಿಸಿದವು. ಹಲವು ರಾಷ್ಟ್ರಗಳು ಸೇರಿ ಕಟ್ಟಿದ ಇಂತಹ ನಿಧಿ ಜಗತ್ತಿನಲ್ಲಿ ಇದೇ ಮೊದಲನೆಯದು. ಒಂದೇ ವರ್ಷ ಎಲ್ಲ ದ್ವೀಪಗಳಿಗೂ ಚಂಡಮಾರುತ ಅಪ್ಪಳಿಸುವುದಿಲ್ಲವೆಂಬುದೇ ಇದರ ಬಂಡವಾಳ. ನಮ್ಮ ಪೇಟೆಯ ಚೀಟಿ ವ್ಯವಹಾರ ಬಲ್ಲವರಿಗೆ ತತ್ವ ಹೊಸತೆನಿಸದು. ನಿಧಿಯ ಶಕ್ತಿಯನ್ನು ಮೀರಿದ ಹೊರೆಯನ್ನು ಅಂತರರಾಷ್ಟ್ರೀಯ ಪುನರ್ವಿಮಾ ಸಂಸ್ಥೆಗಳಿಗೆ ವರ್ಗಾಯಿಸಲಾಗುತ್ತದೆ.

ಹಣ ಸಂದಾಯದ ಕ್ರಮವೇ ಇಲ್ಲಿನ ವಿಶೇಷ. ನಮ್ಮ ಸದಸ್ಯರ ಅಗ್ನಿ ವಿಮೆಯಲ್ಲಿ ಸರ್ವೇಯರ್ ಬರಬೇಕು, ದಾಸ್ತಾನು ಪುಸ್ತಕ ತೋರಿಸಬೇಕು, ವರದಿ ಸಲ್ಲಿಕೆಯಾಗಬೇಕು. ಅಲ್ಲಿ ಅದಾವುದೂ ಇಲ್ಲ. ಗಾಳಿಯ ವೇಗ, ಕಡಲ ಉಬ್ಬರ, ಭೂಕಂಪದ ತೀವ್ರತೆ ಇವುಗಳ ಅಳತೆಯನ್ನು ಮೊದಲೇ ಒಪ್ಪಿದ ಗಣಿತದ ಮಾದರಿಗೆ ನೀಡಿ ನಷ್ಟವನ್ನು ಲೆಕ್ಕ ಹಾಕುತ್ತಾರೆ. ಅದು ನಿಗದಿತ ಮಿತಿಯನ್ನು ದಾಟಿದರೆ ಹದಿನಾಲ್ಕು ದಿನಗಳೊಳಗೆ ಹಣ ಸಂದಾಯವಾಗುತ್ತದೆ. ನಮ್ಮ ರಾಜ್ಯದಲ್ಲಿ ಅದೇ 2007ರ ಮುಂಗಾರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಹವಾಮಾನ ಆಧಾರಿತ ಬೆಳೆ ವಿಮೆಯ ರೀತಿಯೂ ಇದೇ. ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಪರಿಹಾರ ಬರುವುದು ತೋಟ ನೋಡಿ ಅಲ್ಲ, ಮಳೆಮಾಪಕದ ಅಂಕಿ ನೋಡಿ.

ಆದರೆ ಇದನ್ನು ಸಂಪೂರ್ಣ ನಷ್ಟ ಪರಿಹಾರವೆಂದು ಭಾವಿಸಬಾರದು. 2017ರ ಸೆಪ್ಟೆಂಬರ್‌ನಲ್ಲಿ ‘ಮರಿಯಾ’ ಚಂಡಮಾರುತದಿಂದ ಡೊಮಿನಿಕಾ ದ್ವೀಪಕ್ಕಾದ ನಷ್ಟ ಸುಮಾರು 93 ಕೋಟಿ ಡಾಲರ್. ನಿಧಿಯಿಂದ ಬಂದದ್ದು ಸುಮಾರು 1.93 ಕೋಟಿ ಡಾಲರ್, ಅಂದರೆ ನೂರಕ್ಕೆ ಎರಡರಷ್ಟು. ಮೊದಲ ತಿಂಗಳ ಸಂಬಳ, ಇಂಧನ, ರಸ್ತೆ ತೆರವಿನಂತಹ ವೆಚ್ಚಗಳಿಗೆ ಆಗುವ ಹಣವಿದು.

ಇನ್ನೊಂದು ತೊಡಕು ಇನ್ನೂ ಸೂಕ್ಷ್ಮವಾದುದು. ಅಳತೆಗೂ ನಷ್ಟಕ್ಕೂ ತಾಳೆಯಾಗದಿದ್ದರೆ ಗತಿಯೇನು? ಜಮೈಕಾ ದೇಶ ವಿಪತ್ತು ಬಾಂಡ್ ಎಂಬ ಪತ್ರದ ಮೂಲಕ 15 ಕೋಟಿ ಡಾಲರ್‌ಗಳ ರಕ್ಷಣೆ ಪಡೆದಿತ್ತು. ಚಂಡಮಾರುತದ ಕೇಂದ್ರದಲ್ಲಿ ವಾಯುಭಾರ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ ಹಣ ಎಂಬುದು ಕರಾರು. 2024ರ ಜುಲೈನಲ್ಲಿ ‘ಬೆರಿಲ್’ ದ್ವೀಪದ ದಕ್ಷಿಣ ತೀರವನ್ನು ಸವರಿಕೊಂಡು ಹೋಯಿತು. ಹಾನಿ ಸಾಕಷ್ಟಾಯಿತು, ವಾಯುಭಾರ ಮಾತ್ರ ಅಷ್ಟು ಇಳಿಯಲಿಲ್ಲ. ಬಾಂಡ್‌ನಿಂದ ಒಂದು ಡಾಲರ್ ಕೂಡ ಬರಲಿಲ್ಲ. 2025ರ ಅಕ್ಟೋಬರ್ 28ರಂದು ‘ಮೆಲಿಸ್ಸಾ’ ನೇರವಾಗಿ ಅಪ್ಪಳಿಸಿದಾಗ ಪೂರ್ತಿ ಮೊತ್ತ ಸಿಕ್ಕಿತು. ಎರಡು ಸಂದರ್ಭಗಳಲ್ಲಿಯೂ ಕರಾರು ಕರಾರಿನಂತೆಯೇ ನಡೆದಿದೆ. ತಪ್ಪು ಯಾರದೂ ಅಲ್ಲ. ಇಂತಹ ಪಾಲಿಸಿ ಕೊಳ್ಳುವವರು ಕಂತಿನ ದರಕ್ಕಿಂತ ಮೊದಲು ವಿಚಾರಿಸಬೇಕಾದುದು, ಅಳತೆ ಮಾಡುವ ಯಂತ್ರ ಎಲ್ಲಿದೆ ಮತ್ತು ಮಿತಿ ಎಷ್ಟು ಎಂಬುದನ್ನು. ಗುಡ್ಡದ ಆಚೆಯ ಮಳೆಮಾಪಕ ಈಚೆಯ ಮಳೆಯನ್ನು ಕಾಣದು.

ಅದೇ ‘ಬೆರಿಲ್’ ಜಮೈಕಾಕ್ಕೆ ಬರುವ ಮುನ್ನ ಜುಲೈ 1ರಂದು ಗ್ರೆನೆಡಾಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ಧ್ವಂಸ ಮಾಡಿತ್ತು. ಈ ಬಾರಿ ಜಂಟಿ ನಿಧಿಯಿಂದ ಗ್ರೆನೆಡಾಕ್ಕೆ ಸುಮಾರು 4.4 ಕೋಟಿ ಡಾಲರ್ ದೊರೆಯಿತು. ಇದರ ಜೊತೆಗೆ, 2015ರಲ್ಲಿ ಸಾಲಗಳನ್ನು ಮರುಹೊಂದಿಸುವಾಗ ಬಾಂಡ್ ಪತ್ರಗಳಲ್ಲಿಯೇ ಒಂದು ಷರತ್ತನ್ನು ಅದು ಬರೆಸಿಕೊಂಡಿತ್ತು: ನಿಗದಿತ ಪ್ರಮಾಣದ ಚಂಡಮಾರುತ ಬಂದರೆ ಸಾಲದ ಕಂತುಗಳನ್ನು ಮುಂದೂಡಬಹುದು. 2024ರಲ್ಲಿ ಗ್ರೆನೆಡಾ ಈ ಷರತ್ತನ್ನೂ ಬಳಸಿಕೊಂಡಿತು.