ಗೋಳಗುಮ್ಮಟದಲ್ಲಿ ಗಣಿತ

ವೃತ್ತದ ಪರಿಧಿಯು ವ್ಯಾಸದ ಸುಮಾರು 22/7ರಷ್ಟೆಂದು ಮಕ್ಕಳು ಬಾಯಿಪಾಠ ಮಾಡುವರು. ಅದರಿಂದೇನು ಪ್ರಯೋಜನವೆಂಬುದು ಅನೇಕರಿಗೆ ತಿಳಿಯದು. ತಿಕೋಟಾ, ಬಬಲೇಶ್ವರಗಳ ಶಾಲೆಗಳಿಗೆ ಉತ್ತರವು ಸಮೀಪದಲ್ಲಿಯೇ ಇದೆ. ವಿಜಯಪುರದಲ್ಲಿ, 1656ರಲ್ಲಿ ಮಡಿದ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಏರಿರಿ. ನಡುವೆ ಬರಿಯ ಬಯಲು. ಅಡ್ಡಲಾಗಿ ನಡೆದು ಅಳೆಯುವಂತಿಲ್ಲ. ಗೋಡೆಯ ಗುಂಟ ಸುತ್ತಳತೆಯನ್ನು ಅಳೆಯಬಹುದು. ಅದು ಸುಮಾರು 120 ಮೀಟರ್. ಇದನ್ನು 7ರಿಂದ ಗುಣಿಸಿ 22ರಿಂದ ಭಾಗಿಸಿದರೆ ವ್ಯಾಸವು ಸುಮಾರು 38 ಮೀಟರ್ ಎಂದಾಗುವುದು.

ಇನ್ನು ಚಪ್ಪಾಳೆ ತಟ್ಟಿರಿ. ಶಬ್ದವು ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್ ಸಾಗಬೇಕು. ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಅದಕ್ಕೆ 0.22 ಸೆಕೆಂಡು ಹಿಡಿಯುವುದು. ಸೆಕೆಂಡಿನ ಹತ್ತನೆಯ ಒಂದಂಶಕ್ಕಿಂತ ತಡವಾಗಿ ಬಂದ ಚಪ್ಪಾಳೆಯನ್ನು ಕಿವಿಯು ಬೇರೆಯೆಂದು ಗುರುತಿಸಬಲ್ಲದು. ಪ್ರತಿಧ್ವನಿಯು ಸ್ಪಷ್ಟವಾಗಿ ಕೇಳುವುದು ಆದುದರಿಂದಲೇ. ಕಾಲಿಡಲಾಗದ ಕಡೆಯನ್ನೂ ಲೆಕ್ಕವು ಅಳೆಯಬಲ್ಲದು.