ರೂಪ ಬದಲಾದರೆ ಆಳೂ ಬದಲಾದನೇ?

‘ಬೆನ್ ಟೆನ್’ ಕಾರ್ಟೂನಿನ ಹುಡುಗ ಮಣಿಕಟ್ಟಿನ ಓಮ್ನಿಟ್ರಿಕ್ಸ್ ಒತ್ತಿದೊಡನೆ ಬೇರೆ ಗ್ರಹದ ಜೀವಿಯಾಗುತ್ತಾನೆ. ಆಗ ಅವನು ಬೆನ್ನೋ, ಆ ಜೀವಿಯೋ? ಊಟದ ಬಿಡುವಿನಲ್ಲಿ ಶುರುವಾಗುವ ಈ ವಾದ ಗಂಟೆ ಹೊಡೆದರೂ ಮುಗಿಯುವುದಿಲ್ಲ. ಬೇರೆ ಬೇರೆ ಬಗೆಯ ಬದಲಾವಣೆಗಳಿಗೆ ನಾವು ಒಂದೇ ಹೆಸರು ಕೊಡುವುದೇ ಇದಕ್ಕೆ ಕಾರಣ. ಜೀವಶಾಸ್ತ್ರದ ತರಗತಿಯಲ್ಲಿ ಮಾಡುವಂತೆ ಇಲ್ಲಿಯೂ ಮೊದಲು ಲಕ್ಷಣಗಳನ್ನು ಗೊತ್ತುಮಾಡಿಕೊಳ್ಳೋಣ. ಪ್ರಶ್ನೆಗಳು ಮೂರು: ದೇಹ ಬದಲಾಯಿತೇ? ಹಳೆಯ ನೆನಪು ಉಳಿಯಿತೇ? ಈಗ ನಿರ್ಧಾರ ಮಾಡುತ್ತಿರುವವರು ಯಾರು?

ಮೊದಲನೆಯ ಬಗೆ ವೇಷ. ನಮ್ಮ ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯಲ್ಲಿ ಕಿರಾತಾರ್ಜುನರ ಕಥೆಯ ಕೆತ್ತನೆ ಇದೆ. ಬೇಡನಾಗಿ ಬಂದ ಶಿವನನ್ನು ಗುರುತಿಸದೆ ಅರ್ಜುನ ಅವನೊಡನೆ ಕಾದಾಡುತ್ತಾನೆ. ತಾನು ಯಾರೆಂದು ಬೇಡನಿಗೆ ಗೊತ್ತು, ಎದುರಾಳಿಗೆ ಗೊತ್ತಿಲ್ಲ. ಬದಲಾದದ್ದು ತೋರಿಕೆ ಮಾತ್ರ.

ಎರಡನೆಯದರಲ್ಲಿ ದೇಹ ಬದಲಾಗುತ್ತದೆ, ಮನಸ್ಸು ಉಳಿಯುತ್ತದೆ. ‘ಅಲಿಫ್ ಲೈಲಾ’ದ ಎರಡನೆಯ ಕಲಂದರನ ಕಥೆಯಲ್ಲಿ ಇಫ್ರೀತನೊಬ್ಬ ರಾಜಕುಮಾರನನ್ನು ಕೋತಿಯನ್ನಾಗಿ ಮಾಡುತ್ತಾನೆ. ಅವನ ಮಾತು ಹೋಗುತ್ತದೆ, ಆದರೆ ಕೈಬರಹ ಹೋಗುವುದಿಲ್ಲ. ಅರಮನೆಯಲ್ಲಿ ಆ ಕೋತಿಯನ್ನು ಕಂಡೊಡನೆ ರಾಜನ ಮಗಳು ಮುಖ ಮುಚ್ಚಿಕೊಳ್ಳುತ್ತಾಳೆ. ಅದು ಪರಪುರುಷನೆಂದು ಅವಳಿಗೆ ತಿಳಿಯುತ್ತದೆ. ಬೆನ್ನನ ಹೆಚ್ಚಿನ ರೂಪಗಳೂ ಇದೇ ಬಗೆಯವು.

ಮೂರನೆಯದರಲ್ಲಿ ದೇಹದೊಳಗೆ ಇನ್ನೊಂದು ಮನಸ್ಸೇ ಇರುತ್ತದೆ. ಬೆನ್ನನ ಘೋಸ್ಟ್‌ಫ್ರೀಕ್ ರೂಪ ಮೊದಲು ಎರಡನೆಯ ಬಗೆಯಂತೆಯೇ ಕಾಣುತ್ತಿತ್ತು. ಮುಂದೆ ಅದು ಅವನ ಹಿಡಿತ ತಪ್ಪಿಸಿಕೊಂಡು, ಓಮ್ನಿಟ್ರಿಕ್ಸಿನಿಂದ ಹೊರಬಂದು ಅವನ ಮೇಲೆಯೇ ತಿರುಗಿಬಿತ್ತು. ಹೊಸ ಸಂಗತಿ ತಿಳಿದಾಗ ಹಳೆಯ ವರ್ಗೀಕರಣವನ್ನು ತಿದ್ದಬೇಕಾಗುತ್ತದೆ.

ಇನ್ನು ಯಾವ ಪಟ್ಟಿಗೂ ಸೇರದವು. ಗಿರೀಶ ಕಾರ್ನಾಡರ ‘ಹಯವದನ’ (1971) ನಾಟಕದಲ್ಲಿ ದೇವದತ್ತ, ಕಪಿಲರ ತಲೆಗಳು ಅದಲುಬದಲಾಗುತ್ತವೆ. ಪದ್ಮಿನಿಯ ಗಂಡ ಯಾರು? ತಲೆಯೇ ಪ್ರಧಾನ, ಆದ್ದರಿಂದ ದೇವದತ್ತನ ತಲೆ ಇರುವವನೇ ಗಂಡ ಎಂಬ ತೀರ್ಪು ಬರುತ್ತದೆ. ಆದರೆ ಕಪಿಲನಿಗೆ ಸೇರಿದ ದೇಹ ತನ್ನದೇ ನೆನಪುಗಳನ್ನು ಇಟ್ಟುಕೊಂಡಿರುತ್ತದೆ. ನಮ್ಮ ಎರಡನೆಯ ಪ್ರಶ್ನೆಗೆ ಇಲ್ಲಿ ಎರಡು ಉತ್ತರ! ಇಂಥ ಕಡೆ ‘ಅಸ್ಪಷ್ಟ’ ಎಂದು ಬರೆದು, ಯಾವ ಪ್ರಶ್ನೆಯಲ್ಲಿ ತೊಡಕಾಯಿತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಗೊತ್ತಿಲ್ಲದ್ದನ್ನು ಬಲವಂತವಾಗಿ ಒಂದು ಗುಂಪಿಗೆ ತಳ್ಳುವುದಕ್ಕಿಂತ ಅದು ಮೇಲು.

ಇದು ಬರೀ ಕಾರ್ಟೂನಿನ ಮಾತಲ್ಲ. ಆ ಕೋತಿ ಹಡಗಿನಲ್ಲಿ ಕಾಗದದ ಸುರುಳಿಗೆ ಕೈಹಾಕಿದಾಗ, ಹರಿದುಹಾಕುತ್ತದೆ ಎಂದು ಜನ ಕೂಗಾಡಿದರು. ನಾಯಕನೊಬ್ಬ ಮಾತ್ರ, ಬರೆಯಲಿ ಬಿಡಿ ಎಂದ. ಒಳಗಿದ್ದ ಮನುಷ್ಯ ಅಕ್ಷರಗಳಲ್ಲಿ ಹೊರಬಂದ. ಯಾರನ್ನೇ ಆಗಲಿ ಒಂದು ಗುಂಪಿಗೆ ಸೇರಿಸುವ ಮೊದಲು ನಾವೂ ಒಮ್ಮೆ ಅವರ ಕೈಗೆ ಲೇಖನಿ ಕೊಟ್ಟು ನೋಡೋಣ.